ಆಫೀಸು, ವಾಟ್ಸಾಪು ಮತ್ತು ನಿಮ್ಮ ಹೆಸರು: ಕೆಲಸದಲ್ಲಿರುವವರಿಗೆ ಸೋಶಿಯಲ್ ಮೀಡಿಯಾ ಮಾರ್ಗದರ್ಶಿ

ಸೋಶಿಯಲ್ ಮೀಡಿಯಾದಿಂದ ಕೆಲಸಕ್ಕೆ ಕುತ್ತು ಬಂತು ಅಂದ ಕೂಡಲೇ ಫೇಸ್‌ಬುಕ್ ಜಗಳ, ಎಕ್ಸ್‌ನ ರಂಪಾಟ ನೆನಪಾಗುತ್ತದೆ. ಆದರೆ ನಮ್ಮ ಆಫೀಸುಗಳಲ್ಲಿ ಜಾಸ್ತಿ ಹಾನಿ ಮಾಡುವುದು ವಾಟ್ಸಾಪ್. ಫೇಸ್‌ಬುಕ್‌ನಲ್ಲಿ ಬರೆಯುವಾಗ ನಾಲ್ಕು ಜನ ನೋಡುತ್ತಾರೆ ಎಂಬ ಎಚ್ಚರ ಇರುತ್ತದೆ. ವಾಟ್ಸಾಪ್‌ನಲ್ಲಿ ಮಾತ್ರ ‘ನಮ್ಮವರೇ ಅಲ್ವಾ’ ಎಂದುಕೊಂಡು ಮನಸ್ಸಿಗೆ ಬಂದದ್ದನ್ನು ಹಾಕಿಬಿಡುತ್ತೇವೆ. ಸ್ಕ್ರೀನ್‌ಶಾಟ್ ತೆಗೆಯುವವರು ಆ ನಮ್ಮವರೇ. ಅಪರಿಚಿತರಿಗೆ ನಿಮ್ಮ ಮೇಲೆ ಅಷ್ಟು ಆಸಕ್ತಿ ಇರುವುದಿಲ್ಲ.

ಹಾಗಾಗಿ ಈ ಬರಹದಲ್ಲಿ ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ಗಿಂತ ವಾಟ್ಸಾಪ್‌ಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ತಾಲ್ಲೂಕು ಕಚೇರಿಯ ಗುಮಾಸ್ತರು, ಸ್ಟಾಫ್ ನರ್ಸ್, ಬ್ಯಾಂಕಿನವರು, ಮೇಷ್ಟ್ರು, ವೈಟ್‌ಫೀಲ್ಡ್‌ನ ಟೆಕ್ಕಿ, ಎಲ್ಲರಿಗೂ ಇದರಲ್ಲಿ ಏನಾದರೂ ಸಿಗುತ್ತದೆ. ನಿಮಗೆ ಸಂಬಂಧಿಸದ ಹೆಜ್ಜೆಯನ್ನು ದಾಟಿಕೊಂಡು ಹೋಗಿ.

ಹೆಜ್ಜೆ 1: ಬೇರೆಯವರಿಗೆ ನೀವು ಹೇಗೆ ಕಾಣುತ್ತೀರಿ, ನೋಡಿ

ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ನಿಮ್ಮ ಹೆಸರನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಹುಡುಕಿ. ನಮ್ಮ ಹೆಸರುಗಳಿಗೆ ಇಂಗ್ಲಿಷ್‌ನಲ್ಲಿ ಎರಡು ಮೂರು ಸ್ಪೆಲಿಂಗ್ ಇರುತ್ತವೆ, ಎಲ್ಲವನ್ನೂ ಹಾಕಿ ನೋಡಿ. ಹೆಸರಿನ ಜೊತೆ ಊರು, ಕಾಲೇಜು, ಕಂಪನಿ ಸೇರಿಸಿ ಇನ್ನೊಮ್ಮೆ ಹುಡುಕಿ. ಇಮೇಜಸ್ ವಿಭಾಗವನ್ನೂ ಬಿಡಬೇಡಿ. ಮೊಬೈಲ್ ನಂಬರ್ ಹಾಕಿಯೂ ನೋಡಿ. ಎಂದೋ ಬಾಡಿಗೆ ಮನೆಗೋ ಹಳೇ ಬೈಕಿಗೋ ಹಾಕಿದ ಜಾಹೀರಾತು ಇನ್ನೂ ಅಲ್ಲೇ ಇರಬಹುದು.

ಆಮೇಲೆ ಟ್ರೂಕಾಲರ್. ಅಲ್ಲಿ ಕಾಣುವ ಹೆಸರು ನೀವು ಕೊಟ್ಟಿದ್ದೇ ಆಗಿರಬೇಕಿಲ್ಲ. ‘ಮಂಜು ರೂಮ್‌ಮೇಟ್’, ‘ರವಿ ಚೀಟಿ’ ಎಂದು ಯಾರೋ ಉಳಿಸಿಕೊಂಡದ್ದು ಇಂಟರ್ವ್ಯೂಗೆ ಕರೆಯುವವರ ಸ್ಕ್ರೀನ್ ಮೇಲೆ ಮೂಡುತ್ತದೆ. ಆ್ಯಪ್‌ಗೆ ನಿಮ್ಮ ನಂಬರಿನಿಂದ ಲಾಗಿನ್ ಆಗಿ ಹೆಸರು ಸರಿಮಾಡಿ.

ಕೊನೆಗೆ, ನೀವು ನಂಬರ್ ಸೇವ್ ಮಾಡಿಕೊಳ್ಳದ ಒಬ್ಬರ ಫೋನಿನಲ್ಲಿ ನಿಮ್ಮ ವಾಟ್ಸಾಪ್ ಡಿಪಿ ಮತ್ತು ಅಬೌಟ್ ಸಾಲು ನೋಡಿ. ಎಚ್‌ಆರ್‌ನವರು ಮೊದಲ ಸಂದೇಶ ಕಳಿಸುವಾಗ ಕಾಣುವುದು ಅದೇ. ಬಹಳ ಜನರ ಅಬೌಟ್ ಸಾಲಿನಲ್ಲಿ ಐದಾರು ವರ್ಷದ ಹಿಂದಿನ ಪ್ರೇಮಭಂಗ ಹಾಗೇ ಕೂತಿರುತ್ತದೆ. ಪಾಪ, ಅವರಿಗೇ ಮರೆತುಹೋಗಿರುತ್ತದೆ!

ಹೆಜ್ಜೆ 2: ನಿಮಗೆ ಅನ್ವಯಿಸುವ ನಿಯಮ ಯಾವುದು, ತಿಳಿದುಕೊಳ್ಳಿ

ಎಲ್ಲರಿಗೂ ಒಂದೇ ನಿಯಮ ಇಲ್ಲ. ರಾಜ್ಯ ಸರ್ಕಾರಿ ನೌಕರರಿಗೆ 1966ರ ಹಳೇ ನಡತೆ ನಿಯಮಗಳ ಜಾಗದಲ್ಲಿ 2021ರಲ್ಲಿ ಹೊಸ ನಿಯಮಗಳು ಬಂದವು. ಕೇಂದ್ರದವರಿಗೆ 1964ರ ನಡತೆ ನಿಯಮಗಳಿವೆ. ಎರಡರಲ್ಲೂ ಒಂದು ವಿಷಯ ಸ್ಪಷ್ಟ: ಸರ್ಕಾರದ ನೀತಿಯನ್ನು ನೌಕರ ಬಹಿರಂಗವಾಗಿ ಟೀಕಿಸುವಂತಿಲ್ಲ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಹಿಂದಿನ ಮುಖ್ಯಮಂತ್ರಿಗಳ ಕಾಲದ ಸಾಲದ ಲೆಕ್ಕ ಹಾಕಿ, ಉಚಿತ ಯೋಜನೆಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದರು. ಕೂಡಲೇ ಅಮಾನತಾದರು. ಆ ಕ್ರಮ ಸರಿಯೋ ತಪ್ಪೋ ಎಂದು ಆಗ ಬಹಳ ಚರ್ಚೆ ನಡೆಯಿತು. ನನಗೆ ಅದು ಅತಿಯಾಯಿತು ಅನಿಸಿತು. ಆದರೆ ನಿಯಮ ಪುಸ್ತಕದಲ್ಲಿ ಇತ್ತು, ಬಳಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಒಬ್ಬ ಐಎಎಸ್ ಮತ್ತು ಒಬ್ಬ ಐಪಿಎಸ್ ಅಧಿಕಾರಿಯ ಜಗಳ ಫೇಸ್‌ಬುಕ್‌ಗೆ ಬಂದಾಗ, ಸರ್ಕಾರ ಇಬ್ಬರನ್ನೂ ಹುದ್ದೆ ತೋರಿಸದೆ ವರ್ಗ ಮಾಡಿತ್ತು.

‘66ಎ ರದ್ದಾಗಿದೆಯಲ್ಲ, ಏನು ಬೇಕಾದರೂ ಬರೆಯಬಹುದು’ ಎನ್ನುವವರು ಈಗಲೂ ಸಿಗುತ್ತಾರೆ. 2015ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕುವುದನ್ನು ಅಪರಾಧವೆಂದಿದ್ದ ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ್ದು ನಿಜ. ಅದರಿಂದ ಹೋಗಿದ್ದು ಒಂದು ಕ್ರಿಮಿನಲ್ ಕಲಂ ಮಾತ್ರ. ನಡತೆ ನಿಯಮಗಳು ಇದ್ದಲ್ಲೇ ಇವೆ. ನೀವು ಸಹಿ ಹಾಕಿದ ಆಫರ್ ಲೆಟರ್ ಕೂಡ ಇದೆ. ಮಾನನಷ್ಟದ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿದೆ, ಎರಡು ವರ್ಷದವರೆಗೆ ಸಜೆ ಆಗಬಹುದು.

ಖಾಸಗಿ ಕಂಪನಿಯವರು ಮೂರು ಕಾಗದ ಹುಡುಕಿ: ಆಫರ್ ಲೆಟರ್, ಕೋಡ್ ಆಫ್ ಕಂಡಕ್ಟ್, ಸೋಶಿಯಲ್ ಮೀಡಿಯಾ ಪಾಲಿಸಿ. ಸೇರಿದ ದಿನ ಓದದೆ ‘ಐ ಅಗ್ರೀ’ ಒತ್ತಿರುತ್ತೀರಿ. ಈಗ ಓದಿ. ಕಂಪನಿಯ ಪರವಾಗಿ ಯಾರು ಮಾತಾಡಬಹುದು, ಯಾವುದು ಗುಟ್ಟು, ಹೊರಗೆ ಬೇರೆ ಕೆಲಸ ಮಾಡಬಹುದೇ ಎಂಬ ಮೂರನ್ನೂ ನೋಡಿಕೊಳ್ಳಿ. ಕೊನೆಯದು ಯೂಟ್ಯೂಬ್ ಚಾನೆಲ್ ಇರುವವರಿಗೆ ಮುಖ್ಯ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ, ಬೇರೆ ಕಂಪನಿಗೂ ದುಡಿಯುತ್ತಿದ್ದರು ಎಂದು 300 ಜನರನ್ನು ತೆಗೆದದ್ದು ನೆನಪಿರಬಹುದು. ಅಡುಗೆ ಚಾನೆಲ್ಲೂ ಅದೂ ಒಂದೇ ಅಲ್ಲ. ಆದರೂ ಚಾನೆಲ್‌ನಿಂದ ದುಡ್ಡು ಬರುತ್ತಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಅನುಮತಿ ಕೇಳಿ. ಬಾಯಿಮಾತಿನ ಅನುಮತಿ ಬಾಸ್ ಬದಲಾದ ದಿನ ಮುಗಿಯಿತು.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇನ್ನೊಂದು ಎಚ್ಚರ ಬೇಕು. ತ್ರೈಮಾಸಿಕ ಫಲಿತಾಂಶ ಪ್ರಕಟವಾಗುವ ಮೊದಲು ಅಂಕಿಗಳ ಬಗ್ಗೆ ಗಾಳಿಮಾತನ್ನೂ ಹಂಚಬೇಡಿ. 2017ರಲ್ಲಿ ಕೆಲವು ಕಂಪನಿಗಳ ಫಲಿತಾಂಶ ಮೊದಲೇ ವಾಟ್ಸಾಪ್‌ನಲ್ಲಿ ಓಡಾಡಿತು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನಿಖೆಗೆ ಇಳಿಯಿತು. ಸಂದೇಶ ಫಾರ್ವರ್ಡ್ ಮಾಡಿದ್ದ ಕೆಲವರಿಗೆ ದಂಡ ಹಾಕಿತು. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶ ರದ್ದುಮಾಡಿತು. ಗೆದ್ದರೂ, ಅಷ್ಟು ವರ್ಷ ಅಲೆದವರು ಅವರೇ.

ಒಂದು ಮಾತು ನೇರವಾಗಿ ಹೇಳಬೇಕು. ಒಂದೇ ತಪ್ಪಿಗೆ ಎಲ್ಲರಿಗೂ ಒಂದೇ ಶಿಕ್ಷೆ ಆಗುವುದಿಲ್ಲ. ಕಾಯಂ ನೌಕರನಿಗೆ ಅಮಾನತು, ನೋಟಿಸು, ವಿಚಾರಣೆ ಎಂಬ ದಾರಿ ಇದೆ. ಗುತ್ತಿಗೆಯವರಿಗೆ, ಹೊರಗುತ್ತಿಗೆಯವರಿಗೆ ಮರುದಿನವೇ ‘ನಾಳೆಯಿಂದ ಬರಬೇಡಿ’. ನೀವು ಗುತ್ತಿಗೆಯಲ್ಲಿದ್ದರೆ ಪಕ್ಕದ ಟೇಬಲ್‌ನ ಕಾಯಂ ನೌಕರ ಹಾಕಿದ್ದನ್ನು ನೋಡಿ ಧೈರ್ಯ ಮಾಡಬೇಡಿ.

ಹೆಜ್ಜೆ 3: ಅರ್ಧ ಗಂಟೆ ಸೆಟ್ಟಿಂಗ್ಸ್‌ಗೆ ಕೊಡಿ

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಪ್ರೈವಸಿಗೆ ಹೋಗಿ. ಗ್ರೂಪ್ಸ್ ಎಂಬಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಇಟ್ಟರೆ ಗೊತ್ತಿಲ್ಲದವರು ನಿಮ್ಮನ್ನು ಯಾವುದೋ ಗ್ರೂಪ್‌ಗೆ ನೇರವಾಗಿ ಎಳೆದು ಹಾಕಲಾರರು. ಸ್ಟೇಟಸ್‌ಗೆ ಬಂದರೆ, ಬಹಳ ಜನ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸಿ ಬಾಸ್‌ನ ಹೆಸರು ಬಿಡುತ್ತಾರೆ. ಅದು ಸಾಲದು. ಮುಂದಿನ ತಿಂಗಳು ಹೊಸ ಮ್ಯಾನೇಜರ್ ನಂಬರ್ ಸೇವ್ ಮಾಡಿದಿರಿ ಅಂದುಕೊಳ್ಳಿ, ಅವರು ತಾನಾಗಿ ನಿಮ್ಮ ಸ್ಟೇಟಸ್ ನೋಡುವವರ ಪಟ್ಟಿಗೆ ಸೇರಿಬಿಡುತ್ತಾರೆ. ‘ಓನ್ಲಿ ಶೇರ್ ವಿತ್’ ಆರಿಸಿ ಮನೆಯವರು, ಗೆಳೆಯರನ್ನು ಮಾತ್ರ ಸೇರಿಸಿ. ಒಮ್ಮೆ ಕಷ್ಟಪಟ್ಟರೆ ಆಮೇಲೆ ಚಿಂತೆ ಇಲ್ಲ.

ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟಿದ್ದರೆ ಲಾಗ್ ಔಟ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯದು, ಅದರಲ್ಲಿ ನಡೆಯುವುದನ್ನು ಕಂಪನಿ ನೋಡಬಹುದು. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ಮೂಲೆಯಲ್ಲಿ ‘ಆ ಮುದುಕ ಇನ್ನೂ ಕೊರೀತಿದಾನಾ?’ ಎಂಬ ಸಂದೇಶ ಮೂಡಿ, ಆ ‘ಮುದುಕ’ರೂ ಅದೇ ಕಾಲ್‌ನಲ್ಲಿದ್ದ ಕಥೆ ಯಾವ ಟೀಮಿನಲ್ಲಿ ಕೇಳಿದರೂ ಸಿಗುತ್ತದೆ.

ಫೇಸ್‌ಬುಕ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿದರೆ ಹಳೆಯ ಪಬ್ಲಿಕ್ ಪೋಸ್ಟ್‌ಗಳೆಲ್ಲ ಒಂದೇ ಏಟಿಗೆ ಫ್ರೆಂಡ್ಸ್‌ಗೆ ಮಾತ್ರ ಸೀಮಿತವಾಗುತ್ತವೆ. ಟ್ಯಾಗ್ ರಿವ್ಯೂ ಆನ್ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೈವೇಟ್ ಅಕೌಂಟ್, ಇಲ್ಲವೇ ಕ್ಲೋಸ್ ಫ್ರೆಂಡ್ಸ್ ಸಾಕು. ಬೇರೆ ಹೆಸರಿನಲ್ಲಿ ಅಕೌಂಟ್ ತೆರೆದು ಆಫೀಸನ್ನು ಬೈಯುವ ಆಸೆ ಇದ್ದರೆ ಬಿಟ್ಟುಬಿಡಿ. ನೀವು ಬೈಯುವ ಶೈಲಿ ಪಕ್ಕದ ಸೀಟಿನವರಿಗೆ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಮಾಡಿದರೂ ಹೊರಗಿನವರನ್ನು ತಡೆದಂತೆ ಆಯಿತು, ಅಷ್ಟೇ. ಒಳಗಿರುವವರು ಸ್ಕ್ರೀನ್‌ಶಾಟ್ ತೆಗೆಯುವುದನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ.

ಹೆಜ್ಜೆ 4: ಹಳೆಯದನ್ನು ಗುಡಿಸಿ

ಫೇಸ್‌ಬುಕ್‌ನ ಆ್ಯಕ್ಟಿವಿಟಿ ಲಾಗ್‌ನಲ್ಲಿ ವರ್ಷದ ಪ್ರಕಾರ ಹಳೇ ಪೋಸ್ಟ್ ನೋಡಬಹುದು. ಅಳಿಸಲು ಮನಸ್ಸಿಲ್ಲದಿದ್ದರೆ ಆರ್ಕೈವ್ ಮಾಡಿ. ಜಾತಿ, ಧರ್ಮ, ಹೆಣ್ಣುಮಕ್ಕಳ ಬಗೆಗಿನ ಜೋಕು, ಹಳೇ ಕಂಪನಿಗೆ ಹಾಕಿದ ಶಾಪ, ಸ್ಟಾರ್‌ಗಳ ಅಭಿಮಾನಿಗಳ ಜಗಳದಲ್ಲಿ ಬಿದ್ದ ಕೆಟ್ಟ ಬೈಗುಳ, ಇವನ್ನು ಮೊದಲು ತೆಗೆಯಿರಿ. ನೀವು ಸದಸ್ಯರಾಗಿರುವ ಗ್ರೂಪ್‌ಗಳ ಪಟ್ಟಿಯನ್ನೂ ನೋಡಿ. ಉದ್ಯೋಗ ಮಾಹಿತಿ ಎಂದು ಸೇರಿದ್ದ ಗ್ರೂಪ್ ಹೆಸರು ಬದಲಿಸಿಕೊಂಡು ಈಗ ಬೇರೇನೋ ಆಗಿರುತ್ತದೆ.

ಎಲ್ಲವನ್ನೂ ಅಳಿಸಿ ಖಾಲಿ ಮಾಡಬೇಕಿಲ್ಲ. ಜಾತ್ರೆ, ಯಕ್ಷಗಾನ, ರಾಜ್ಯೋತ್ಸವದ ಶಾಲು, ಮಗಳ ಹುಟ್ಟುಹಬ್ಬ ಇರಲಿ ಬಿಡಿ. ವೃತ್ತಿಯ ಘನತೆ ಅಂದರೆ ಇಂಗ್ಲಿಷ್ ಮತ್ತು ಬ್ಲೇಜರ್ ಎಂದು ಯಾರೋ ನಮ್ಮ ತಲೆಗೆ ತುಂಬಿಬಿಟ್ಟಿದ್ದಾರೆ. ಕನ್ನಡದಲ್ಲಿ ಬರೆದ ಕಾರಣಕ್ಕೆ ನಿಮ್ಮನ್ನು ಕಡಿಮೆ ಎಣಿಸುವ ಕಡೆ ಕೆಲಸ ಸಿಕ್ಕರೂ ಸುಖವಿಲ್ಲ.

ಹೆಜ್ಜೆ 5: ವಾಟ್ಸಾಪ್‌ನಲ್ಲಿ ಹೇಗಿರಬೇಕು

ಪ್ರತಿ ಆಫೀಸಿನಲ್ಲೂ ಮೂರು ಥರದ ಗ್ರೂಪ್ ಇರುತ್ತವೆ. ಸಾಹೇಬರು ಇರುವ ಅಧಿಕೃತ ಗ್ರೂಪ್, ಸಾಹೇಬರು ಇಲ್ಲದ ಟೀಮ್ ಗ್ರೂಪ್, ನಾಲ್ಕೈದು ಜನರ ಟೀ ಗ್ರೂಪ್. ಅಪಾಯ ಇರುವುದು ಮೂರನೆಯದರಲ್ಲಿ. ಅಲ್ಲಿ ಇಂದು ನಿಮ್ಮ ಜೊತೆ ನಗುವವರಲ್ಲಿ ಒಬ್ಬರು ನಾಳೆ ಟೀಮ್ ಲೀಡ್ ಆಗುತ್ತಾರೆ, ಒಬ್ಬರು ನಿಮ್ಮ ಜೊತೆ ಬಡ್ತಿಗೆ ಪೈಪೋಟಿ ನಡೆಸುತ್ತಾರೆ. ಹಳೇ ಮಾತುಗಳು ಮಾತ್ರ ಅವರ ಫೋನಿನಲ್ಲಿ ಹಾಗೇ ಇರುತ್ತವೆ. ಯಾರ ಬಗ್ಗೆಯಾದರೂ ಹೊಟ್ಟೆಯಲ್ಲಿದ್ದದ್ದನ್ನು ಹೇಳಲೇಬೇಕಾದರೆ ಟೀ ಕುಡಿಯುತ್ತಾ ಬಾಯಲ್ಲಿ ಹೇಳಿ. ಟೈಪ್ ಮಾಡಬೇಡಿ, ವಾಯ್ಸ್ ನೋಟ್ ಅಂತೂ ಬೇಡವೇ ಬೇಡ. ನಿಮ್ಮದೇ ದನಿ, ನಿಮ್ಮದೇ ನಗು, ‘ನಾನಲ್ಲ’ ಎನ್ನಲು ದಾರಿಯೇ ಇರುವುದಿಲ್ಲ.

ತಪ್ಪು ಗ್ರೂಪ್‌ಗೆ ಹೋದರೆ ‘ಡಿಲೀಟ್ ಫಾರ್ ಎವೆರಿವನ್’ ಇದೆ, ಸುಮಾರು ಎರಡು ದಿನದವರೆಗೆ ಕೆಲಸ ಮಾಡುತ್ತದೆ. ತಿದ್ದುವುದಾದರೆ 15 ನಿಮಿಷದೊಳಗೆ ತಿದ್ದಬೇಕು. ಆದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ, ನೋಟಿಫಿಕೇಶನ್‌ನಲ್ಲಿ ನೋಡಿದವರು ಅಷ್ಟರಲ್ಲಿ ಓದಿರುತ್ತಾರೆ. ಅಧಿಕೃತ ಗ್ರೂಪನ್ನು ಮೇಲಕ್ಕೆ ಪಿನ್ ಮಾಡಿ, ಟೀ ಗ್ರೂಪನ್ನು ಆರ್ಕೈವ್‌ಗೆ ಹಾಕಿ. ಎರಡೂ ಅಕ್ಕಪಕ್ಕ ಇಲ್ಲದಿದ್ದರೆ ಬೆರಳು ತಪ್ಪುವುದು ಕಡಿಮೆ.

ಅಧಿಕೃತ ಗ್ರೂಪ್‌ನಲ್ಲಿ ಶುಭೋದಯ, ಸುಭಾಷಿತ, ‘ಹತ್ತು ಜನರಿಗೆ ಕಳಿಸಿ’ ಯಾವುದೂ ಬೇಡ. ಚುನಾವಣೆ ಹತ್ತಿರ ಬಂದಾಗ ಪಕ್ಷದ ವಿಡಿಯೊ ಅಂತೂ ಮುಟ್ಟಲೇಬೇಡಿ, ಸರ್ಕಾರಿ ನೌಕರರಾದರೆ ನೀತಿ ಸಂಹಿತೆಯ ದೂರು ಆಗುತ್ತದೆ. ಯಾರದೋ ಮನೆಯಲ್ಲಿ ಸಾವು ಎಂದು ಸಂದೇಶ ಬಂದರೆ ಎಪ್ಪತ್ತು ಸಲ ‘ಓಂ ಶಾಂತಿ’, ನಡುವೆ ಒಬ್ಬರು ಅವಸರದಲ್ಲಿ ಹುಟ್ಟುಹಬ್ಬದ ಕೇಕ್ ಸ್ಟಿಕರ್. ಆ ಗದ್ದಲಕ್ಕೆ ಸೇರಬೇಡಿ. ದುಃಖದಲ್ಲಿರುವವರಿಗೆ ನೇರವಾಗಿ ಎರಡು ಸಾಲು ಬರೆಯಿರಿ, ಸಾಧ್ಯವಾದರೆ ಹೋಗಿ ಮಾತಾಡಿಸಿ ಬನ್ನಿ.

ಮೇಲಿನವರು ಕೆಲಸ ಹೇಳಿದಾಗ ಬರೀ ಹೆಬ್ಬೆರಳು ಎತ್ತಿದರೆ ಕೆಲವು ಹಿರಿಯರಿಗೆ ಉಡಾಫೆ ಅನಿಸುತ್ತದೆ. ಐಟಿ ಟೀಮಿನಲ್ಲಿ ನಡೆಯುತ್ತದೆ, ಜಿಲ್ಲಾ ಕಚೇರಿಯಲ್ಲಿ ನಡೆಯುವುದಿಲ್ಲ. ‘ಆಯ್ತು ಸರ್, ಮಧ್ಯಾಹ್ನ 3ರೊಳಗೆ ಪಟ್ಟಿ ಕಳಿಸುತ್ತೇನೆ’ ಎಂದು ಬರೆದರೆ ಗೌರವವೂ ಆಯಿತು, ಸಮಯವೂ ಗೊತ್ತಾಯಿತು. ಗ್ರೂಪ್‌ನಲ್ಲಿ ಎಲ್ಲರೆದುರು ನಿಮ್ಮನ್ನು ಬೈದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ. ‘ನೋಡಿ ತಿಳಿಸುತ್ತೇನೆ ಮೇಡಂ’ ಎಂದು ಮುಗಿಸಿ. ತಪ್ಪು ನಿಮ್ಮದಲ್ಲದಿದ್ದರೆ ಆಮೇಲೆ ಮುಖತಃ ಹೇಳಿ, ಹೇಳಿದ್ದನ್ನು ಚಿಕ್ಕ ಮೇಲ್‌ನಲ್ಲಿ ಬರೆದಿಡಿ. ರಾತ್ರಿ ಹತ್ತೂವರೆಗೆ ಬರುವ ‘ಅರ್ಜೆಂಟ್’ ಸಂದೇಶಕ್ಕೆ ಉತ್ತರ ಕೊಡುವುದು ನಿಮ್ಮ ಕೆಲಸದ ಸ್ವರೂಪಕ್ಕೆ ಬಿಟ್ಟದ್ದು. ಒಂದು ವಾರ ಪ್ರತಿ ರಾತ್ರಿ ಎರಡೇ ನಿಮಿಷದಲ್ಲಿ ಉತ್ತರಿಸಿದರೆ ಮಾತ್ರ ಅದೇ ನಿಮ್ಮ ಡ್ಯೂಟಿ ಆಗುತ್ತದೆ.

ಈಗ ಸ್ಟೇಟಸ್. ಜ್ವರ ಎಂದು ರಜೆ ಹಾಕಿ ಗೋಕರ್ಣದ ಬೀಚ್ ಫೋಟೊ ಹಾಕಬಾರದು ಎಂದು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ಜೊತೆಗೆ ಹೋದ ಗೆಳೆಯ ಹಾಕಿದ ಫೋಟೊದಿಂದ. ಅದಕ್ಕಿಂತ ಹೆಚ್ಚು ಹೆಸರು ಕೆಡಿಸುವುದು ಬಾಣ ಬಿಡುವ ಸ್ಟೇಟಸ್: ‘ಕೆಲವರ ಬಣ್ಣ ಸಮಯ ಬಂದಾಗ ಗೊತ್ತಾಗುತ್ತೆ’, ‘ನಂಬಿದವರೇ ಬೆನ್ನಿಗೆ ಚೂರಿ ಹಾಕಿದ್ರು’. ಹೆಸರಿಲ್ಲ, ಆದರೆ ಆಫೀಸಿಗೆಲ್ಲ ಗೊತ್ತು. ಯಾರಿಗೆ ಹೊಡೆದಿರೋ ಅವರು ನೋಡಿ ಸುಮ್ನಿರುತ್ತಾರೆ. ಉಳಿದವರ ಬಾಯಲ್ಲಿ ನೀವು ‘ಸ್ಟೇಟಸ್ ಹಾಕೋರು’ ಆಗುತ್ತೀರಿ, ಮುಂದೆ ಟೀಮ್ ನಡೆಸುವ ಅವಕಾಶ ಬಂದಾಗ ಅದೇ ಅಡ್ಡ ಬರುತ್ತದೆ. ಕೋಪ ಬಂದಾಗ ಬರೆದು, ಡ್ರಾಫ್ಟ್‌ನಲ್ಲಿಟ್ಟು, ಊಟ ಮಾಡಿ. ಊಟ ಆದ ಮೇಲೆ ಹಾಕಲು ಮನಸ್ಸೇ ಬರುವುದಿಲ್ಲ.

ಗ್ರೂಪ್ ಅಡ್ಮಿನ್ ನೀವಾಗಿದ್ದರೆ: ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಕಾರಣಕ್ಕಷ್ಟೇ ಹೊಣೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆಫೀಸಿನಲ್ಲಿ ಮಾತ್ರ ಎಲ್ಲರ ಕಣ್ಣು ನಿಮ್ಮ ಮೇಲೇ ಇರುತ್ತದೆ. ಜಗಳ ಶುರುವಾದರೆ ಗ್ರೂಪನ್ನು ‘ಅಡ್ಮಿನ್ಸ್ ಓನ್ಲಿ’ಗೆ ಹಾಕಿ, ತಣ್ಣಗಾಗಲು ಬಿಡಿ.

ಸಹೋದ್ಯೋಗಿ ಹೆಣ್ಣುಮಕ್ಕಳಿಗೆ ಕಳಿಸುವ ಸಂದೇಶದ ಬಗ್ಗೆ ಗಂಡಸರು ಇದನ್ನು ಓದಲೇಬೇಕು. ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ’, ಡಿಪಿ ಬದಲಿಸಿದಾಗೆಲ್ಲ ‘ಸೂಪರ್’, ಕೇಳದಿದ್ದರೂ ರೀಲ್ಸ್. ಆ ಕಡೆಯಿಂದ ಬರೀ ‘ಹ್ಮ್’ ಬರುತ್ತಿದೆ ಅಂದರೆ ನಿಲ್ಲಿಸಿ ಎಂದೇ ಅರ್ಥ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಫೋನಿನಲ್ಲಿ ಬಂದ ಬೇಡದ ಸಂದೇಶವೂ ಬರುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಅಂಥ ಸಂದೇಶ ನಿಮಗೆ ಬರುತ್ತಿದ್ದರೆ ಸಿಟ್ಟಿಗೆ ಚಾಟ್ ಅಳಿಸಬೇಡಿ. ನಂಬರ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಘಟನೆಯಾದ ಮೂರು ತಿಂಗಳೊಳಗೆ ಸಮಿತಿಗೆ ಬರೆದುಕೊಡಿ. ದೂರಿನ ವಿವರವನ್ನು, ಹೆಸರುಗಳನ್ನು ಬಹಿರಂಗ ಮಾಡುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಹಾಗಾಗಿ ಅದನ್ನು ಯಾವ ಗ್ರೂಪ್‌ನಲ್ಲೂ ಯಾರೂ ಚರ್ಚೆಗೆ ಇಡಬಾರದು.

ಹೆಜ್ಜೆ 6: ಫೋಟೊ, ರೀಲ್ಸ್

2024ರ ಫೆಬ್ರವರಿ ನಮ್ಮ ರಾಜ್ಯದ ಆಸ್ಪತ್ರೆಗಳಿಗೆ ರೀಲ್ಸ್ ತಿಂಗಳಾಗಿತ್ತು. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಗುತ್ತಿಗೆ ವೈದ್ಯರೊಬ್ಬರು ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿ ಕೆಲಸ ಕಳೆದುಕೊಂಡರು. ಅದೇ ತಿಂಗಳು ಗದಗದ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದಕ್ಕೆ ಅವರ ತರಬೇತಿಯನ್ನು ಹತ್ತು ದಿನ ಮುಂದುವರಿಸಲಾಯಿತು. ಯಾರೂ ಯಾರಿಗೂ ಕೇಡು ಬಯಸಿರಲಿಲ್ಲ. ಆದರೆ ಒಳಗೆ ನೋವಿನಲ್ಲಿ ಮಲಗಿದವರ ಮನೆಯವರು ಆ ವಿಡಿಯೊ ನೋಡಿದರೆ ಏನನಿಸುತ್ತದೆ?

ಕ್ಯಾಮೆರಾ ಆನ್ ಮಾಡುವ ಮೊದಲು ನಿಮ್ಮ ಮುಖ ಬಿಟ್ಟು ಹಿಂದೆ ಏನಿದೆ ನೋಡಿ. ವೈಟ್‌ಬೋರ್ಡ್, ಕಂಪ್ಯೂಟರ್ ಸ್ಕ್ರೀನ್, ಹಾಜರಿ ಪುಸ್ತಕ, ರೋಗಿಯ ಕೇಸ್ ಶೀಟ್, ಗ್ರಾಹಕರ ಪಾಸ್‌ಬುಕ್, ಶಾಲೆಯಾದರೆ ಮಕ್ಕಳ ಮುಖ. ಯೂನಿಫಾರ್ಮ್‌ನಲ್ಲಿ, ಡ್ಯೂಟಿ ಹೊತ್ತಿನಲ್ಲಿ ರೀಲ್ಸ್ ಬೇಡ. ಹುಟ್ಟುಹಬ್ಬದ ಕೇಕ್ ಫೋಟೊ ಧಾರಾಳವಾಗಿ ಹಾಕಿ, ಕೇಕ್ ಕೆಳಗಿನ ಫೈಲ್ ಮುಚ್ಚಿ ಹಾಕಿ. ಕೆಲಸ ಸಿಕ್ಕ ಖುಷಿಗೆ ನೇಮಕಾತಿ ಆದೇಶ, ಐಡಿ ಕಾರ್ಡ್ ಫೋಟೊ ಹಾಕುವವರು ಬಹಳ. ಅದರಲ್ಲಿರುವ ನಂಬರ್, ಸಹಿ, ಸೀಲು ನಕಲಿ ಮಾಡುವವರಿಗೆ ಬಿಟ್ಟಿ ಸಾಮಾನು. ‘ಕೆಲಸ ಸಿಕ್ಕಿತು’ ಎಂದು ಬರೆದರೆ ಸಾಕಲ್ವಾ?

ಇದರ ಇನ್ನೊಂದು ಮಗ್ಗುಲೂ ಇದೆ. ಜನರೇ ನಿಮ್ಮ ವಿಡಿಯೊ ಮಾಡುತ್ತಾರೆ. 2025ರ ಮೇನಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡ ಮಾತಾಡುವುದಿಲ್ಲ ಎಂದು ಮ್ಯಾನೇಜರ್ ಗ್ರಾಹಕರೊಂದಿಗೆ ವಾದಿಸಿದ ವಿಡಿಯೊ ಹರಿದಾಡಿತು. ಮುಖ್ಯಮಂತ್ರಿಯೇ ಖಂಡಿಸಿದರು, ವರ್ಗಾವಣೆಯೂ ಆಯಿತು. ಕೌಂಟರ್‌ನಲ್ಲಿ ಕೂರುವವರು ಇದನ್ನು ಅಭ್ಯಾಸ ಮಾಡಿಕೊಳ್ಳಿ: ಫೋನ್ ಎದುರಿಗೆ ಬಂದರೆ ಕಿತ್ತುಕೊಳ್ಳಲು ಹೋಗಬೇಡಿ, ದನಿ ಏರಿಸಬೇಡಿ. ‘ನಿಮ್ಮ ಕೆಲಸ ಏನು ಹೇಳಿ, ಮಾಡಿಕೊಡೋಣ’ ಎಂಬ ಒಂದೇ ಮಾತಿಗೆ ಅಂಟಿಕೊಳ್ಳಿ. ಕೈ ಮೀರಿದರೆ ಮೇಲಿನವರನ್ನು ಕರೆಯಿರಿ. ಹೊರರಾಜ್ಯದಿಂದ ಬಂದ ಸಹೋದ್ಯೋಗಿ ಇದ್ದರೆ ಹತ್ತು ಕನ್ನಡ ವಾಕ್ಯ ಕಲಿಸಿಕೊಡಿ, ಅವರಿಗೂ ಅನುಕೂಲ.

‘ನನ್ನ ಪರ್ಸನಲ್ ಅಕೌಂಟ್, ಆಫೀಸ್ ಟೈಮ್ ಅಲ್ಲ’ ಎಂಬ ವಾದ ಎಲ್ಲ ಕಡೆ ನಡೆಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಬ್ಬ, ಮಹಿಳೆಯೊಬ್ಬರ ಬಟ್ಟೆಯ ವಿಷಯಕ್ಕೆ ಆ್ಯಸಿಡ್ ಹಾಕುವ ಬೆದರಿಕೆಯ ಸಂದೇಶ ಕಳಿಸಿದ. ಆಕೆಯ ಪತಿ ಸ್ಕ್ರೀನ್‌ಶಾಟನ್ನು ಎಕ್ಸ್‌ನಲ್ಲಿ ಹಾಕಿದರು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು.

ಹೆಜ್ಜೆ 7: ಲಿಂಕ್ಡ್‌ಇನ್, ಬೇಕಾದವರಿಗೆ ಮಾತ್ರ

ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಇದು ಬೇಕಾಗಿಯೇ ಇಲ್ಲ. ಖಾಸಗಿ ಕೆಲಸದವರಿಗೆ ಬೇಕು. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ ಜಾಗ ಇದೆ. ‘ಪ್ಯಾಶನೇಟ್ ಲೀಡರ್’ ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್, ಸಿಎನ್‌ಸಿ ಬಿಡಿಭಾಗಗಳ ತಪಾಸಣೆ’ ಎಂದರೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಕೆಲಸದಲ್ಲಿ ಎದುರಾದ ತೊಡಕು, ಅದನ್ನು ಬಿಡಿಸಿದ ಬಗೆ, ಗ್ರಾಹಕ ಕಂಪನಿಯ ಹೆಸರಿಲ್ಲದೆ, ತಿಂಗಳಿಗೊಂದು ಬರೆದರೆ ಸಾಕು. ಎಐನಿಂದ ಬರೆಸಿದ ಪೋಸ್ಟ್‌ಗಳು ಓದಿದ ಎರಡನೇ ಸಾಲಿಗೇ ಗೊತ್ತಾಗುತ್ತವೆ. ಬೇರೆಯವರ ಪೋಸ್ಟ್ ಕೆಳಗೆ ಬರೆಯುವ ಒಂದು ಒಳ್ಳೆಯ ಕಾಮೆಂಟ್ ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕೆಲಸ ಹುಡುಕುತ್ತಿದ್ದರೆ ‘ಓಪನ್ ಟು ವರ್ಕ್’ ಹಾಕುವಾಗ ‘ರಿಕ್ರೂಟರ್ಸ್ ಓನ್ಲಿ’ ಆರಿಸಿ. ಫೋಟೊ ಸುತ್ತ ಹಸಿರು ಉಂಗುರ ಹಾಕಿದರೆ ಎಲ್ಲರಿಗೂ ಕಾಣುತ್ತದೆ. ನಿಮ್ಮ ಈಗಿನ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದಾದರೂ ಪೂರ್ತಿ ಖಾತ್ರಿ ಕೊಡುವುದಿಲ್ಲ. ಪ್ರೊಫೈಲ್ ತಿದ್ದುವ ಮೊದಲು ಬದಲಾವಣೆಯನ್ನು ಎಲ್ಲರಿಗೆ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿ.

ಹೆಜ್ಜೆ 8: ದೂರು ಇದ್ದರೆ ಎಲ್ಲಿ ಹೇಳಬೇಕು

ಬಾಯಿ ಮುಚ್ಚಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಸಂಬಳ ಬಾಕಿ, ಬೈಗುಳ, ಸುಳ್ಳು ಆರೋಪ ಇವಕ್ಕೆ ದನಿ ಎತ್ತಲೇಬೇಕು. ಮೊದಲು ಮ್ಯಾನೇಜರ್‌ಗೆ ದಿನಾಂಕ ಸಮೇತ ಮೇಲ್, ಆಮೇಲೆ ಎಚ್‌ಆರ್, ಆಮೇಲೆ ಕಾರ್ಮಿಕ ಇಲಾಖೆ. ನಿಮ್ಮ ಸಂಬಳ ಚೀಟಿ, ಅಪ್ರೈಸಲ್ ಪತ್ರ ಪ್ರತಿ ಇಟ್ಟುಕೊಳ್ಳಿ. ಕಂಪನಿಯ ಗುಟ್ಟಿನ ಫೈಲನ್ನು ಮಾತ್ರ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ನಿಮ್ಮ ದೂರು ಮೂಲೆಗೆ ಹೋಗಿ ಅದೇ ದೊಡ್ಡ ತಪ್ಪಾಗುತ್ತದೆ.

ಯಾವ ದಾರಿಯೂ ತೆರೆಯದೆ ಬಹಿರಂಗವಾಗಿ ಬರೆಯುವ ಪ್ರಸಂಗ ಬರುವುದೂ ಉಂಟು. ಕೆಲಸ ಬಿಟ್ಟು ತಿಂಗಳುಗಳಾದರೂ ಬಾಕಿ ಕೊಡದ ಕಂಪನಿಗಳು ಒಂದು ಪೋಸ್ಟ್‌ಗೆ ಎರಡು ದಿನದಲ್ಲಿ ಹಣ ಹಾಕಿವೆ. ಬರೆಯುವುದಾದರೆ ದಿನಾಂಕ, ಮೊತ್ತ, ನೀವು ಕಳಿಸಿದ ಮೇಲ್ ಇಷ್ಟನ್ನೇ ಬರೆಯಿರಿ. ‘ಕಳ್ಳರು’, ‘ಮೋಸಗಾರರು’ ಎಂಬ ಪದ ಬೇಡ. ಕ್ರಿಮಿನಲ್ ಮಾನನಷ್ಟದಲ್ಲಿ ‘ನಾನು ಹೇಳಿದ್ದು ನಿಜ’ ಎಂದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕಾಗುತ್ತದೆ. ಹಾಕುವ ಮೊದಲು ಪರಿಚಯದ ವಕೀಲರಿಗೊಮ್ಮೆ ತೋರಿಸಿ.

ಹೆಜ್ಜೆ 9: ಎಡವಟ್ಟು ಆಗಿಹೋದರೆ

‘ಅಕೌಂಟ್ ಹ್ಯಾಕ್ ಆಗಿತ್ತು’ ಎನ್ನಬೇಡಿ. ಯಾರೂ ನಂಬುವುದಿಲ್ಲ, ಒಂದು ತಪ್ಪಿಗೆ ಸುಳ್ಳೂ ಸೇರುತ್ತದೆ. ಮೊದಲು ನೀವು ಹಾಕಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ತೆಗೆಯಿರಿ. ಬೇರೆಯವರು ಬಣ್ಣ ಕಟ್ಟಿ ಹೇಳಿದಾಗ ನಿಜವಾಗಿ ಏನಿತ್ತು ಎಂದು ತೋರಿಸಲು ಬೇಕಾಗುತ್ತದೆ. ಮ್ಯಾನೇಜರ್‌ಗೆ ಬೇರೆಯವರಿಂದ ಗೊತ್ತಾಗುವ ಮೊದಲು ನೀವೇ ಫೋನ್ ಮಾಡಿ. ಕ್ಷಮೆ ಚಿಕ್ಕದಾಗಿರಲಿ: ‘ನಿನ್ನೆ ಗ್ರೂಪ್‌ನಲ್ಲಿ ನಾನು ಬರೆದದ್ದು ತಪ್ಪು. ತೆಗೆದಿದ್ದೇನೆ. ನೋವಾದವರಲ್ಲಿ ಕ್ಷಮೆ ಕೇಳುತ್ತೇನೆ.’ ‘ಯಾರಿಗಾದರೂ ನೋವಾಗಿದ್ದರೆ’ ಎಂದು ಬರೆದರೆ ಕ್ಷಮೆ ಕೇಳಿದಂತೆ ಆಗುವುದಿಲ್ಲ. ಕಾಮೆಂಟ್‌ಗಳಿಗೆ ಉತ್ತರಿಸುತ್ತಾ ಕೂರಬೇಡಿ. ನೋಟಿಸ್ ಬಂದರೆ ಕೊಟ್ಟ ಗಡುವಿನೊಳಗೆ, ಯೋಚಿಸಿ, ಬರಹದಲ್ಲೇ ಉತ್ತರ ಕೊಡಿ.

ನಿಮ್ಮ ಹೆಸರಿನಲ್ಲಿ ನಕಲಿ ಪ್ರೊಫೈಲ್ ಮಾಡಿ ಯಾರಾದರೂ ಹಣ ಕೇಳುತ್ತಿದ್ದರೆ, ಮೊದಲು ಆಫೀಸ್ ಗ್ರೂಪ್‌ನಲ್ಲೇ ‘ಅದು ನಾನಲ್ಲ, ಹಣ ಹಾಕಬೇಡಿ’ ಎಂದು ತಿಳಿಸಿ. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ. ಯಾರಾದರೂ ಹಣ ಕಳೆದುಕೊಂಡಿದ್ದರೆ 1930ಕ್ಕೆ ಕೂಡಲೇ ಫೋನ್ ಮಾಡಿಸಿ. ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ಹೋಗಬಹುದು.

ಹೆಜ್ಜೆ 10: ಕೆಲಸ ಬಿಡುವಾಗ

ರಿಲೀವಿಂಗ್ ಲೆಟರ್ ಕೈಗೆ ಬಂದು, ಲೆಕ್ಕ ಚುಕ್ತಾ ಆಗುವವರೆಗೆ ವಿದಾಯದ ಉದ್ದ ಪೋಸ್ಟ್ ಬೇಡ. ಕಂಪನಿಯ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಗ್ರೂಪ್‌ಗಳ ಅಡ್ಮಿನ್ ನೀವಾಗಿದ್ದರೆ ಯಾರಿಗೆ ಒಪ್ಪಿಸಬೇಕು ಎಂದು ಮೇಲ್‌ನಲ್ಲಿ ಕೇಳಿ, ಒಪ್ಪಿಸಿದ ದಿನವನ್ನೂ ಮೇಲ್‌ನಲ್ಲೇ ಬರೆಯಿರಿ. ನಿಮ್ಮ ಸ್ವಂತ ನಂಬರಿಗೆ ಕಂಪನಿ ಅಕೌಂಟಿನ ಒಟಿಪಿ ಬರುತ್ತಿದ್ದರೆ ಅದನ್ನು ಬದಲಾಯಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಆರು ತಿಂಗಳ ಮೇಲೆ ಆ ಪೇಜ್‌ನಲ್ಲಿ ಏನೋ ಆದಾಗ ಪೊಲೀಸರ ಮೊದಲ ಫೋನ್ ನಿಮಗೇ ಬರುತ್ತದೆ.